ಗುಂಡಿ, ನಲ್ಲಿ, ಪಂಕ್ಚರ್, ಚಾಕು: ಮನೆಮಂದಿಯೆಲ್ಲ ಕೂತು ಕಲಿಯಬಹುದಾದ ಕೈಕೆಲಸ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಎರಡು. ಮೂವತ್ತರ ಆಸುಪಾಸಿನವರು ಕೇಳುವುದು ಹೀಗೆ: "ಅಪ್ಪ ಅಮ್ಮನಿಗೆ ಮನೆಯ ಸಣ್ಣಪುಟ್ಟ ರಿಪೇರಿಯೆಲ್ಲ ಬರುತ್ತಿತ್ತು, ನನಗೆ ಗುಂಡಿ ಹಾಕುವುದೂ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?" ಐವತ್ತು ದಾಟಿದವರ ಪ್ರಶ್ನೆ ಇನ್ನೊಂದು: "ನನಗೆಲ್ಲ ಬರುತ್ತದೆ, ಮಕ್ಕಳಿಗೆ ಹೇಳಿಕೊಡಲು ಕೂತರೆ ಜಗಳದಲ್ಲಿ ಮುಗಿಯುತ್ತದೆ. ಏನು ಮಾಡಲಿ?" ಈ ಇಬ್ಬರನ್ನೂ ಒಂದೇ ಮೇಜಿನ ಎದುರು ಕೂರಿಸುವ ಪ್ರಯತ್ನ ಈ ಲೇಖನ.

ವಿಡಿಯೋ ನೋಡಿ ಕಲಿಯಬಾರದೇ ಎಂದರೆ, ಕಲಿಯಬಹುದು. ಯಾವುದರ ನಂತರ ಯಾವುದು ಎಂಬುದನ್ನು ವಿಡಿಯೋ ಚೆನ್ನಾಗಿಯೇ ತೋರಿಸುತ್ತದೆ. ತೋರಿಸಲಾಗದ್ದು ಹದ. ನಟ್ಟು ಎಷ್ಟು ಬಿಗಿಯಾದರೆ ಸಾಕು, ಅಂಟು ಎಷ್ಟು ಒಣಗಿದರೆ ಸಾಕು, ದಾರ ಎಷ್ಟು ಸಡಿಲ ಇರಬೇಕು ಎಂಬುದು ಆ ಕೆಲಸ ಮಾಡಿದವರ ಕೈಯಲ್ಲಿರುತ್ತದೆ. ಹಾಗಾಗಿ ಸಾಧ್ಯವಾದರೆ ಇಬ್ಬರು ಸೇರಿ ಮಾಡಿ: ಒಬ್ಬರು ಬಲ್ಲವರು, ಒಬ್ಬರು ಹೊಸಬರು. ಬಲ್ಲವರು ಯಾರೂ ಸಿಗದಿದ್ದರೆ ಒಬ್ಬರೇ ಮಾಡಬಹುದು. ಪ್ರತಿ ಕೆಲಸದಲ್ಲೂ ಹದ ಎಲ್ಲಿದೆ ಎಂದು ಕೆಳಗೆ ಬರೆದಿದ್ದೇನೆ.

ಬೇಕಾಗುವ ಸಾಮಾನು

ದೊಡ್ಡ ಟೂಲ್ ಸೆಟ್ ಕೊಳ್ಳಬೇಡಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗೇ ಬರುವುದಿಲ್ಲ. ಒಂದು ಅಡ್ಜಸ್ಟಬಲ್ ಸ್ಪ್ಯಾನರ್ (ಬಾಯಿಯ ಅಗಲವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಸ್ಪ್ಯಾನರ್), ಚಪ್ಪಟೆ ಮತ್ತು ಪ್ಲಸ್ ತುದಿಯ ಎರಡು ಸ್ಕ್ರೂಡ್ರೈವರ್, ಒಂದು ಇಕ್ಕಳ, ಟಾರ್ಚ್, ಟೆಫ್ಲಾನ್ ಟೇಪ್, ಸೂಜಿ-ದಾರ, ಕತ್ತರಿ, ಹಳೆಯ ಹತ್ತಿ ಬಟ್ಟೆ. ಸೈಕಲ್ ಇದ್ದರೆ ಪಂಕ್ಚರ್ ಕಿಟ್ಟು, ಅಡುಗೆಮನೆಗೆ ಎರಡು ಬದಿಯ ಸಾಣೆಕಲ್ಲು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿರಲಿ. ಪೆಟ್ಟಿಗೆ ಎಲ್ಲಿದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿರಲಿ, ಸಾಣೆಕಲ್ಲು ಮಾತ್ರ ಮಕ್ಕಳ ಕೈಗೆ ಸಿಗದ ಕಡೆ ಇರಲಿ.

1. ಮೊದಲು ಬಂದ್ ಮಾಡುವುದನ್ನು ಕಲಿಯಿರಿ

ರಿಪೇರಿಗಿಂತ ಮುಂಚಿನ ಪಾಠ ಇದು. ಮನೆಯ ಪ್ರತಿಯೊಬ್ಬರಿಗೂ, ಕೈ ಎಟಕುವ ವಯಸ್ಸಿನ ಮಕ್ಕಳಿಗೂ, ಮೂರು ಜಾಗ ಗೊತ್ತಿರಬೇಕು: ವಿದ್ಯುತ್ತಿನ ಮೇನ್ ಸ್ವಿಚ್, ನೀರಿನ ಮುಖ್ಯ ವಾಲ್ವ್, ಅಡುಗೆ ಅನಿಲದ ವಾಲ್ವ್. ತೋರಿಸಿದರೆ ಸಾಲದು, ಒಬ್ಬೊಬ್ಬರ ಕೈಯಲ್ಲೂ ಒಮ್ಮೆ ಮುಚ್ಚಿಸಿ, ತೆರೆಸಿ. ಬೇಕಾದರೆ ಕತ್ತಲಲ್ಲಿ ಟಾರ್ಚ್ ಹಿಡಿದು ಒಂದು ಸಲ ಮಾಡಿಸಿ, ಮಕ್ಕಳಿಗೆ ಅದು ಆಟ.

ಸ್ವಿಚ್‌ಬೋರ್ಡಿನಲ್ಲಿ ಎಂಸಿಬಿ (ವಿದ್ಯುತ್ ಹೊರೆ ಮಿತಿಮೀರಿದಾಗ ತಾನೇ ಕೆಳಗೆ ಬೀಳುವ ಸ್ವಿಚ್) ಬಿದ್ದರೆ ಆ ಸಾಲಿನ ಉಪಕರಣಗಳ ಪ್ಲಗ್ ತೆಗೆದು ಒಮ್ಮೆ ಮೇಲೆತ್ತಿ ನೋಡಿ. ಮತ್ತೆ ಬಿದ್ದರೆ ಒತ್ತಾಯ ಮಾಡಬೇಡಿ, ಎಲೆಕ್ಟ್ರಿಷಿಯನ್‌ಗೆ ಹೇಳಿ. ಆರ್‌ಸಿಸಿಬಿ ಇದ್ದರೆ (ವಿದ್ಯುತ್ ದಾರಿ ತಪ್ಪಿ ಸೋರಿದಾಗ, ಉದಾಹರಣೆಗೆ ಮನುಷ್ಯನ ಮೈ ಮೂಲಕ ಹರಿದಾಗ, ಕ್ಷಣದಲ್ಲಿ ಕಡಿತಗೊಳಿಸುವ ಸಾಧನ) ಅದರ ಮೇಲೆ ಟೆಸ್ಟ್ ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಿ. ಒತ್ತಿದಾಗ ಕರೆಂಟ್ ಹೋಗದಿದ್ದರೆ ಆ ಸಾಧನ ಕೆಟ್ಟಿದೆ ಎಂದರ್ಥ.

ನೀರಿನ ವಾಲ್ವ್‌ಗಳ ತೊಂದರೆ ಬೇರೆ. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಕಿಲುಬು, ಸುಣ್ಣ ಕಟ್ಟಿ ಕಚ್ಚಿಕೊಳ್ಳುತ್ತವೆ, ತುರ್ತಿಗೆ ತಿರುಗುವುದಿಲ್ಲ. ವರ್ಷಕ್ಕೆ ಎರಡು ಸಲವಾದರೂ ಮುಚ್ಚಿ ತೆರೆಯಿರಿ. ಸುತ್ತಿ ಸುತ್ತಿ ತೆರೆಯುವ ಗೇಟ್ ವಾಲ್ವ್ ಆದರೆ ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿಡಿ, ಕಚ್ಚಿಕೊಳ್ಳುವುದು ಕಡಿಮೆಯಾಗುತ್ತದೆ.

ಅನಿಲದ ವಾಸನೆ ಬಂದರೆ: ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ, ಹೊರಗಿನಿಂದ ಸಹಾಯಕ್ಕೆ ಫೋನ್ ಮಾಡಿ.

2. ಯಾರು ಹೇಗೆ ಕಲಿಸಬೇಕು

ಜಗಳ ಹುಟ್ಟುವುದು ಇಲ್ಲಿ. ಬಲ್ಲವರ ಬಾಯಲ್ಲಿ ಬರುವ ಎರಡು ಮಾತು ಕಲಿಕೆಯನ್ನು ಕೆಡಿಸುತ್ತವೆ: "ಇಷ್ಟೇ, ನೋಡು" ಮತ್ತು "ಕೊಡಿಲ್ಲಿ, ನಾನು ಮಾಡ್ತೀನಿ". ಮೊದಲನೆಯದರಲ್ಲಿ ಹೊಸಬರಿಗೆ ಏನೂ ಕಾಣಿಸುವುದಿಲ್ಲ. ಎರಡನೆಯದು, ಕಲಿಯುತ್ತಿದ್ದವರನ್ನು ಪ್ರೇಕ್ಷಕರನ್ನಾಗಿ ಮಾಡುತ್ತದೆ.

ಕೆಲಸ ಮಾಡುವ ಕ್ರಮ ಹೀಗಿರಲಿ. ಮೊದಲ ಸಲ ಬಲ್ಲವರು ನಿಧಾನವಾಗಿ, ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಲಿ. ಎರಡನೆಯ ಸಲ ಸಾಮಾನು ಹೊಸಬರ ಕೈಗೆ ಬರಲಿ, ಬಲ್ಲವರು ಮಾತಿನಲ್ಲಷ್ಟೇ ಹೇಳಲಿ. ಮೂರನೆಯ ಸಲ ಬಲ್ಲವರು ಕೈಕಟ್ಟಿ ಕೂತು, ಕೇಳಿದರೆ ಮಾತ್ರ ಉತ್ತರಿಸಲಿ. ಗಾಯವಾಗುವಂತಿದ್ದರೆ ತಡೆಯಿರಿ. ಬರೀ ಸೊಟ್ಟಗೆ ಬರುತ್ತಿದ್ದರೆ ಬರಲಿ ಬಿಡಿ.

ಕಲಿಯುವವರಿಗೂ ಒಂದು ಕಿವಿಮಾತು. "ಹೇಗೆ ಮಾಡಬೇಕು?" ಎಂದು ಕೇಳಿದರೆ ಹಿರಿಯರು ಕೈ ಆಡಿಸಿ ತೋರಿಸಿಬಿಡುತ್ತಾರೆ. "ಸಾಕು ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿ. ಆಗ ಅವರು ಒಂದು ಕ್ಷಣ ನಿಂತು ಯೋಚಿಸುತ್ತಾರೆ, "ಕೈಗೆ ಹೀಗೆ ತಡೆಯುತ್ತದಲ್ಲ, ಅಲ್ಲಿಗೆ" ಎಂಬಂಥ ಉತ್ತರ ಬರುತ್ತದೆ. ಬೇಕಾಗಿರುವುದು ಅದೇ. ಅವರು ಒಪ್ಪಿದರೆ, ಮುಖ ಬಿಟ್ಟು ಕೈಯನ್ನಷ್ಟೇ ಹತ್ತಿರದಿಂದ ಫೋನಿನಲ್ಲಿ ಚಿತ್ರೀಕರಿಸಿ ಇಟ್ಟುಕೊಳ್ಳಿ. ಕೈ ನಡುಗುವ, ಕಣ್ಣು ಮಂಜಾದ ಹಿರಿಯರಿಂದಲೂ ಹೀಗೆ ಕಲಿಯಬಹುದು: ಕೈ ನಿಮ್ಮದು, ಮಾತು ಅವರದು.

ಸಮಯ ನೋಡಿಕೊಳ್ಳಿ. ಹತ್ತು ನಿಮಿಷದಲ್ಲಿ ಹೊರಡಬೇಕಾದವನ ಅಂಗಿಯ ಮೇಲೆ ಗುಂಡಿಯ ಪಾಠ ಬೇಡ, ಹಳೆಯ ಬಟ್ಟೆ ತುಂಡಿನ ಮೇಲಾಗಲಿ. ಹುಡುಗಿಯ ಕೈಗೆ ಸೂಜಿ, ಹುಡುಗನ ಕೈಗೆ ಸ್ಪ್ಯಾನರ್ ತಾನಾಗಿ ಹೋಗುತ್ತಿದ್ದರೆ ಅದಲುಬದಲು ಮಾಡಿ ನೋಡಿ.

ಒಂದು ಎಚ್ಚರಿಕೆ. ಹಿರಿಯರು ಮಾಡುತ್ತಿದ್ದದ್ದೆಲ್ಲ ಸರಿ ಎಂದೇನಿಲ್ಲ. ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುವುದು, ಅನಿಲ ಸೋರುತ್ತಿದೆಯೇ ಎಂದು ಬೆಂಕಿಕಡ್ಡಿ ಗೀರಿ ನೋಡುವುದು ಮುಂದಿನವರಿಗೆ ದಾಟಿಸಬಾರದ ವಿದ್ಯೆಗಳು. ದಪ್ಪ ತಂತಿ ಕರಗುವಷ್ಟರಲ್ಲಿ ಗೋಡೆಯೊಳಗಿನ ವೈರ್ ಬಿಸಿಯಾಗಿ ಬೆಂಕಿ ಹತ್ತಬಹುದು. ಅನಿಲದ ಜೋಡಣೆ ಪರೀಕ್ಷಿಸಲು ಸೋಪಿನ ನೀರು ಸಾಕು, ಸೋರುವಲ್ಲಿ ಗುಳ್ಳೆ ಏಳುತ್ತದೆ.

3. ಗುಂಡಿ ಹಾಕುವುದು

ಮೊದಲ ಪಾಠಕ್ಕೆ ಇದೇ ಒಳ್ಳೆಯದು. ತಪ್ಪಿದರೆ ನಷ್ಟವಿಲ್ಲ, ಬೇಗ ಮುಗಿಯುತ್ತದೆ, ಮುಗಿದದ್ದು ಕಣ್ಣಿಗೆ ಕಾಣುತ್ತದೆ.

ಹಳೆಯ ದಾರದ ತುಣುಕುಗಳನ್ನು ಪೂರ್ತಿ ಕಿತ್ತುಹಾಕಿ. ಗುಂಡಿ ಕಿತ್ತುಬಂದಲ್ಲಿ ಬಟ್ಟೆಯೇ ಹರಿದಿದ್ದರೆ ಒಳಗಡೆ ಚಿಕ್ಕ ತೇಪೆ ಇಟ್ಟು ಅದರ ಮೇಲೆ ಹೊಲಿಯಬೇಕು. ಜಾಗ ಗುರುತಿಸಲು ಉಳಿದ ಗುಂಡಿಗಳನ್ನು ಹಾಕಿ, ಖಾಲಿ ಕಾಜದ (ಗುಂಡಿ ತೂರುವ ಸೀಳು) ನಡುವೆ ಸೂಜಿ ಚುಚ್ಚಿ ಕೆಳಗಿನ ಪದರದಲ್ಲಿ ಗುರುತು ಮಾಡಿಕೊಳ್ಳಿ. ಕಣ್ಣಂದಾಜಿನಲ್ಲಿ ಹಾಕಿದರೆ ಅಂಗಿ ಆ ಜಾಗದಲ್ಲಿ ಸೊಟ್ಟಗೆ ಎಳೆಯುತ್ತದೆ.

ಸುಮಾರು 50 ಸೆಂ.ಮೀ. ದಾರ ಸಾಕು. ಪದೇ ಪದೇ ಪೋಣಿಸುವುದು ತಪ್ಪಲಿ ಎಂದು ಉದ್ದ ದಾರ ತೆಗೆದುಕೊಳ್ಳುವುದೇ ಹೊಸಬರ ಮೊದಲ ತಪ್ಪು, ಅದು ಗಂಟುಗಂಟಾಗಿ ಕಾಡುತ್ತದೆ. ದಾರವನ್ನು ಓರೆಯಾಗಿ ಕತ್ತರಿಸಿದರೆ ಸೂಜಿಯ ಕಣ್ಣಿಗೆ ಸುಲಭವಾಗಿ ಹೋಗುತ್ತದೆ. ಎರಡೆಳೆ ಮಾಡಿ ತುದಿಗೆ ಗಂಟು ಹಾಕಿ.

ಬಟ್ಟೆಯ ಹಿಂದಿನಿಂದ ಸೂಜಿ ಮೇಲೆ ತಂದು, ಗುಂಡಿಯ ಒಂದು ತೂತಿನಿಂದ ಹತ್ತಿ ಇನ್ನೊಂದರಲ್ಲಿ ಇಳಿಯಿರಿ. ಮೊದಲ ಹೊಲಿಗೆ ಬಿಗಿಯುವ ಮುನ್ನ ಗುಂಡಿಯ ಮೇಲೆ, ದಾರದ ಅಡಿಯಲ್ಲಿ, ಒಂದು ಬೆಂಕಿಕಡ್ಡಿ ಇಡಿ. ಪ್ರತಿ ಜೋಡಿ ತೂತಿಗೆ ಮೂರು ನಾಲ್ಕು ಸಲ ಹತ್ತಿ ಇಳಿದರೆ ಸಾಕು. ನಾಲ್ಕು ತೂತಿನ ಗುಂಡಿಯಾದರೆ ಪಕ್ಕದ ಗುಂಡಿಗಳನ್ನು ನೋಡಿ, ಅಡ್ಡ ಗೆರೆಯೋ ಗುಣಾಕಾರ ಚಿಹ್ನೆಯೋ, ಅದೇ ರೀತಿ ಹಾಕಿ. ಈಗ ಕಡ್ಡಿ ಎಳೆದು ತೆಗೆದು ಗುಂಡಿಯನ್ನು ಮೇಲೆತ್ತಿ. ಗುಂಡಿಗೂ ಬಟ್ಟೆಗೂ ನಡುವೆ ಉಳಿದ ಸಡಿಲ ದಾರದ ಸುತ್ತ ಸೂಜಿಯ ದಾರವನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ, ಹಿಂದಕ್ಕೆ ತೂರಿಸಿ ಎರಡು ಗಂಟು ಹಾಕಿ.

ಹದ ಇರುವುದು ಆ ಕುತ್ತಿಗೆಯಲ್ಲಿ. ಕಾಜವಿರುವ ಪಟ್ಟಿ ಎಷ್ಟು ದಪ್ಪವೋ ಗುಂಡಿ ಬಟ್ಟೆಯಿಂದ ಅಷ್ಟೇ ಮೇಲೆ ನಿಲ್ಲಬೇಕು. ಅಂಟಿದಂತೆ ಹೊಲಿದ ಗುಂಡಿ ಕಾಜಕ್ಕೆ ಹೋಗಲು ಒದ್ದಾಡುತ್ತದೆ, ಪ್ರತಿ ಸಲ ಎಳೆದು ಎಳೆದು ಮತ್ತೆ ಕಿತ್ತುಬರುತ್ತದೆ. ದಪ್ಪ ಕೋಟಿಗೆ ಎರಡು ಕಡ್ಡಿ ಇಡಿ.

4. ತೊಟ್ಟಿಕ್ಕುವ ನಲ್ಲಿ

ಎಷ್ಟು ನೀರು ಹೋಗುತ್ತಿದೆ ಎಂದು ತಿಳಿಯಬೇಕಾದರೆ ಒಂದು ಗಂಟೆ ಪಾತ್ರೆ ಇಟ್ಟು ಅಳೆದು 24ರಿಂದ ಗುಣಿಸಿ. ರಿಪೇರಿಯನ್ನು ಮುಂದಕ್ಕೆ ಹಾಕುವ ಮನಸ್ಸಿದ್ದರೆ ಆ ಲೆಕ್ಕ ಅದನ್ನು ಬದಲಿಸಬಹುದು.

ಮೊದಲು ನಿಮ್ಮದು ಯಾವ ನಲ್ಲಿ ಎಂದು ನೋಡಿ. ಹಿಡಿಯನ್ನು ಹಲವು ಸುತ್ತು ತಿರುಗಿಸಿ ತೆರೆಯುವುದಾದರೆ ಒಳಗೆ ರಬ್ಬರ್ ವಾಷರ್ ಇದೆ. ವಾಷರ್ ಎಂದರೆ ನೀರು ಬರುವ ರಂಧ್ರದ ಮೇಲೆ ಕೂತು ಅದನ್ನು ಮುಚ್ಚುವ ಬಿಲ್ಲೆ. ಕಾಲು ಸುತ್ತಿಗೇ ಪೂರ್ತಿ ತೆರೆದುಕೊಳ್ಳುವ ನಲ್ಲಿಯಾದರೆ ಸಾಮಾನ್ಯವಾಗಿ ಒಳಗಿರುವುದು ಸೆರಾಮಿಕ್ ಕಾರ್ಟ್ರಿಜ್. ಅದನ್ನು ರಿಪೇರಿ ಮಾಡುವುದಿಲ್ಲ, ಇಡಿಯಾಗಿ ಬದಲಿಸುತ್ತಾರೆ. ಬಿಚ್ಚುವ ಕ್ರಮ ಹೆಚ್ಚುಕಡಿಮೆ ಒಂದೇ. ಎಲ್ಲಿಂದ ಸೋರುತ್ತಿದೆ ಎಂಬುದನ್ನೂ ನೋಡಿ. ಬಾಯಿಂದ ತೊಟ್ಟಿಕ್ಕಿದರೆ ವಾಷರ್ ಸವೆದಿದೆ. ಹಿಡಿಯ ಬುಡದಿಂದ ಒಸರಿದರೆ ವಾಷರ್ ತಪ್ಪಿಲ್ಲ, ಮೇಲಿನ ಗ್ಲ್ಯಾಂಡ್ ನಟ್ಟಿನ ಬಳಿಯ ಪ್ಯಾಕಿಂಗ್ (ಹಿಡಿಯ ದಂಡದ ಸುತ್ತ ನೀರು ತಡೆಯುವ ತುಂಬು) ಸವೆದಿದೆ. ಆ ನಟ್ಟನ್ನು ಒಂದಿಷ್ಟೇ ಇಷ್ಟು ಬಿಗಿ ಮಾಡಿದರೆ ಎಷ್ಟೋ ಸಲ ನಿಲ್ಲುತ್ತದೆ.

ವಾಷರ್ ಬದಲಿಸುವ ಕ್ರಮ:

ಅ) ವಾಲ್ವ್ ಮುಚ್ಚಿ. ಬಿಸಿನೀರಿನ ನಲ್ಲಿಯಾದರೆ ಗೀಸರ್ ಆರಿಸಿ. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರು ಹೋಗಲು ಬಿಡಿ. ನೀರು ನಿಲ್ಲದಿದ್ದರೆ ವಾಲ್ವ್ ಸರಿಯಾಗಿ ಮುಚ್ಚಿಲ್ಲ, ಮುಂದುವರಿಯಬೇಡಿ.

ಆ) ಸಿಂಕಿನ ತೂತಿಗೆ ಬಟ್ಟೆ ತುರುಕಿ. ಸ್ಕ್ರೂ ಬೀಳುವುದು ನೇರ ಅಲ್ಲಿಗೇ.

ಇ) ಹಿಡಿಯ ಮೇಲಿನ ಚಿಕ್ಕ ಮುಚ್ಚಳವನ್ನು ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು, ಒಳಗಿನ ಸ್ಕ್ರೂ ಬಿಚ್ಚಿ, ಹಿಡಿಯನ್ನು ಮೇಲೆತ್ತಿ. ಬಿಚ್ಚಿದ ಒಂದೊಂದನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿಡಿ, ಫೋಟೋ ತೆಗೆದುಕೊಳ್ಳಿ. ಕ್ರಮ ನೆನಪಿಡುವ ಈ ಕೆಲಸಕ್ಕೆ ಮಕ್ಕಳೇ ಸರಿ.

ಈ) ಆರು ಮೂಲೆಯ ನಟ್ಟಿಗೆ ಸ್ಪ್ಯಾನರ್ ಹಾಕಿ ಎಡಕ್ಕೆ (ಗಡಿಯಾರಕ್ಕೆ ವಿರುದ್ಧವಾಗಿ) ತಿರುಗಿಸಿ. ನಡುವೆ ಬಟ್ಟೆ ಇಟ್ಟರೆ ಹೊಳಪು ಗೀಚುವುದಿಲ್ಲ. ಇನ್ನೊಂದು ಕೈಯಿಂದ ನಲ್ಲಿಯ ಮೈಯನ್ನು ಗಟ್ಟಿಯಾಗಿ ಹಿಡಿದಿರಲೇಬೇಕು. ಹಿಡಿಯದೆ ಬಲ ಹಾಕಿದರೆ ನಲ್ಲಿಯ ಜೊತೆಗೆ ಗೋಡೆಯೊಳಗಿನ ಪೈಪೂ ತಿರುಗಿ ಬಿರುಕು ಬಿಡುತ್ತದೆ. ತೊಟ್ಟಿಕ್ಕುವ ನಲ್ಲಿ ಗೋಡೆ ಒಡೆಯುವ ಕೆಲಸವಾಗುವುದು ಹೀಗೆ.

ಉ) ದಂಡ ಹೊರಬಂದ ಮೇಲೆ ತುದಿಯಲ್ಲಿ ವಾಷರ್ ಕಾಣುತ್ತದೆ. ಹಳೆಯದನ್ನು ಬಿಸಾಡಬೇಡಿ, ಅಂಗಡಿಗೆ ಅದನ್ನೇ ಒಯ್ಯಿರಿ. ಅಳತೆ ಹೇಳಿ ತಂದದ್ದು ಕೂರದೆ ಇನ್ನೊಮ್ಮೆ ಓಡಾಡುವವರೇ ಹೆಚ್ಚು. ಹೊಸದು ಹಾಕುವ ಮುನ್ನ ನಲ್ಲಿಯೊಳಗೆ ಟಾರ್ಚ್ ಬಿಟ್ಟು, ವಾಷರ್ ಕೂರುವ ಅಂಚನ್ನು ನೋಡಿ. ಅಲ್ಲಿ ಗುಳಿಗಳಿದ್ದರೆ ಹೊಸ ವಾಷರ್ ಕೂಡ ಬೇಗ ತಿನ್ನಿಸಿಕೊಳ್ಳುತ್ತದೆ. ಆ ಅಂಚನ್ನು ಉಜ್ಜಿ ಸಮ ಮಾಡಿಸಬೇಕು, ಇಲ್ಲವೇ ನಲ್ಲಿಯನ್ನೇ ಬದಲಿಸಬೇಕು.

ಊ) ದಂಡವನ್ನು ತೆರೆದ ಸ್ಥಿತಿಯಲ್ಲಿ, ಅಂದರೆ ವಾಷರ್ ಮೇಲೆ ಎಳೆದುಕೊಂಡಂತೆ ಇರುವಾಗ, ಒಳಗಿಡಿ. ಮೊದಲು ಕೈಯಿಂದ ತಿರುಗಿಸಿ. ಥ್ರೆಡ್ (ತಿರುಪಿನ ಗೆರೆಗಳು) ಸರಿಯಾಗಿ ಕೂತಿದ್ದರೆ ಬೆರಳಲ್ಲೇ ಸರಾಗ ತಿರುಗುತ್ತದೆ, ಮೊದಲ ಸುತ್ತಿಗೇ ಬಿಗಿಯಾದರೆ ಅಡ್ಡಾದಿಡ್ಡಿ ಹೊಕ್ಕಿದೆ, ಬಿಚ್ಚಿ ಮತ್ತೆ ಇಡಿ. ಕೊನೆಯಲ್ಲಷ್ಟೇ ಸ್ಪ್ಯಾನರ್. ನಲ್ಲಿ ತುಸು ತೆರೆದಿಟ್ಟು ವಾಲ್ವನ್ನು ನಿಧಾನವಾಗಿ ಬಿಡಿ, ಮೊದಲು ಗಾಳಿ ಉಗುಳಿ ಆಮೇಲೆ ನೀರು ಬರುತ್ತದೆ.

ಇಲ್ಲಿಯ ಹದ ರಿಪೇರಿ ಮುಗಿದ ಮೇಲೆ ಬೇಕಾಗುವುದು. ನೀರು ನಿಂತಲ್ಲಿಗೆ ಕೈಯೂ ನಿಲ್ಲಬೇಕು. ತೊಟ್ಟಿಕ್ಕಬಾರದೆಂದು ಜೋರಾಗಿ ತಿರುಚುವ ಕೈಯೇ ರಬ್ಬರನ್ನು ಜಜ್ಜಿ ತೊಟ್ಟಿಕ್ಕುವಂತೆ ಮಾಡುವುದು. ಹೊಸ ವಾಷರ್ ಹಾಕಿದ ದಿನ ಮನೆಯವರನ್ನೆಲ್ಲ ಕರೆದು, ಎರಡು ಬೆರಳಲ್ಲಿ ನಲ್ಲಿ ಮುಚ್ಚಿ ತೋರಿಸಿ.

5. ಸೈಕಲ್ ಪಂಕ್ಚರ್

ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಮೊದಲು ಮಾಡಿದ್ದು ಮಗನ ಮೂರು ಚಕ್ರದ ಸೈಕಲ್ಲಿಗಾಗಿ. 1888ರಲ್ಲಿ ಪೇಟೆಂಟ್ ಸಿಕ್ಕಿತು. ಅಲ್ಲಿಂದೀಚೆಗೆ ಟ್ಯೂಬಿಗೆ ತೇಪೆ ಹಾಕುವ ವಿಧಾನವೇನೂ ದೊಡ್ಡದಾಗಿ ಬದಲಾಗಿಲ್ಲ. ಇಲ್ಲಿ ಹೇಳುವುದು ಟ್ಯೂಬ್ ಇರುವ ಸೈಕಲ್ ಟೈರಿಗೆ ಮಾತ್ರ.

ಚಕ್ರ ಬಿಚ್ಚಿ, ಉಳಿದ ಗಾಳಿ ತೆಗೆದು, ಟೈರ್ ಲಿವರಿನಿಂದ (ಟೈರಿನ ಅಂಚನ್ನು ಮೀಟುವ ಚಪ್ಪಟೆ ಕಡ್ಡಿ) ಒಂದು ಬದಿಯನ್ನು ರಿಮ್ಮಿನಿಂದ ಹೊರತೆಗೆದು ಟ್ಯೂಬ್ ಎಳೆಯಿರಿ. ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದಲ್ಲಿ ಗುರುತು ಹಾಕಿ, ಒರೆಸಿ ಒಣಗಿಸಿ. ತೂತು ಎಲ್ಲಿದೆ ಎಂಬುದು ಕಾರಣವನ್ನೂ ಹೇಳುತ್ತದೆ. ಹೊರಬದಿಯಲ್ಲಿದ್ದರೆ ಮುಳ್ಳು ಅಥವಾ ಗಾಜು. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆ ಇದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜಜ್ಜಿದೆ. ಒಳಬದಿಯಲ್ಲಿದ್ದರೆ ಚಕ್ರದ ಕಡ್ಡಿಯ (ಸ್ಪೋಕ್) ತುದಿ ಚುಚ್ಚಿದೆ, ರಿಮ್ ಟೇಪ್ (ಆ ತುದಿಗಳನ್ನು ಮುಚ್ಚುವ ಪಟ್ಟಿ) ಸರಿಪಡಿಸಿ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಹೊಸ ಟ್ಯೂಬೇ ಗತಿ.

ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನನ್ನು (ಕಿಟ್ಟಿನಲ್ಲಿರುವ ಅಂಟು) ತೆಳ್ಳಗೆ ಹಚ್ಚಿ. ಈಗ ಕಾಯಿರಿ. ಹೊಸಬರೆಲ್ಲ ತಪ್ಪುವುದು ಇಲ್ಲೇ: ಹಸಿಯಿರುವಾಗಲೇ ಪ್ಯಾಚ್ ಅಂಟಿಸುತ್ತಾರೆ, ಅದು ಜಾರುತ್ತದೆ. ಹಸಿ ಹೊಳಪು ಹೋಗಿ, ಅಂಚಿನಲ್ಲಿ ಮುಟ್ಟಿದರೆ ಬೆರಳಿಗೆ ಅಂಟದಂತಾದಾಗ ಹದ. ಸಾಮಾನ್ಯವಾಗಿ ಐದು ನಿಮಿಷ ಬೇಕು. ಪ್ಯಾಚಿನ ಒಳಮೈಗೆ ಬೆರಳು ತಾಗಿಸದೆ ಇಟ್ಟು, ಅಂಚುಗಳನ್ನು ಹೆಚ್ಚು ಒತ್ತಿ.

ಟ್ಯೂಬ್ ಮತ್ತೆ ಹಾಕುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ. ಬೆರಳು ಬೇಡ, ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಟ್ಯೂಬಿಗೆ ತುಸು ಗಾಳಿ ಹಾಕಿ ಆಕಾರ ಬಂದ ಮೇಲೆ ಕೂರಿಸಿ. ಟೈರಿನ ಕೊನೆಯ ಗೇಣುದ್ದವನ್ನು ಲಿವರಿನಿಂದ ಮೀಟದೆ ಹೆಬ್ಬೆರಳಿನಿಂದಲೇ ಒಳತಳ್ಳಿ. ಲಿವರ್ ಟ್ಯೂಬನ್ನು ಕಚ್ಚಿ ಹೊಸ ತೂತು ಮಾಡುತ್ತದೆ. ಎಷ್ಟು ಗಾಳಿ ಎಂಬುದು ಟೈರಿನ ಪಕ್ಕದಲ್ಲೇ ಪಿಎಸ್‌ಐ ಅಥವಾ ಬಾರ್ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ.

6. ಚಾಕುವಿಗೆ ಸಾಣೆ

ಇದು ದೊಡ್ಡವರಿಗೆ, ಮತ್ತು ದೊಡ್ಡವರ ಎದುರು ಕೂತ ಹದಿಹರೆಯದವರಿಗೆ. ಮೊಂಡು ಚಾಕು ಕ್ಷೇಮ ಎಂಬ ನಂಬಿಕೆ ತಪ್ಪು. ಅದಕ್ಕೆ ಹೆಚ್ಚು ಬಲ ಬೇಕು, ಬಲ ಹಾಕಿದಾಗಲೇ ಅದು ಜಾರುವುದು.

ಒಂದು ಬದಿ 1000, ಇನ್ನೊಂದು ಬದಿ 3000ಕ್ಕಿಂತ ಹೆಚ್ಚಿನ ಗ್ರಿಟ್ (ಕಲ್ಲಿನ ನಯದ ಸಂಖ್ಯೆ, ಹೆಚ್ಚಿದಷ್ಟೂ ನಯ) ಇರುವ ನೀರುಕಲ್ಲು (ನೀರು ಹಾಕಿ ಬಳಸುವ ಸಾಣೆಕಲ್ಲು) ಸಾಕು. ನೆನೆಸಬೇಕಾದ ಕಲ್ಲಾದರೆ ಗುಳ್ಳೆ ನಿಲ್ಲುವವರೆಗೆ ನೀರಿನಲ್ಲಿಡಿ. ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಅಲುಗಾಡಬಾರದು.

ಕೋನ 15ರಿಂದ 20 ಡಿಗ್ರಿ. ಅಂದಾಜು ಹೀಗೆ: ಚಾಕುವನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧ ಬಾಗಿಸಿ, ಅದರ ಅರ್ಧ ಬಾಗಿಸಿ, ಇನ್ನು ಸ್ವಲ್ಪ ಇಳಿಸಿ. ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಎರಡು ಸಲ ಉಜ್ಜಿದರೆ ಬಣ್ಣ ಹೋದ ಜಾಗ ನೋಡಿ ಕೋನ ಸರಿಯೇ ಎಂದು ತಿಳಿಯುತ್ತದೆ. ಅಂಚಿನ ತುದಿಯ ಬಣ್ಣ ಉಳಿದಿದ್ದರೆ ಚಾಕು ತೀರಾ ಮಲಗಿದೆ.

ಒಂದೇ ಬದಿಯನ್ನು ಉಜ್ಜುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯ ಅಂಚಿನಲ್ಲಿ ಸಣ್ಣ ಏಣು ಎದ್ದಿರುತ್ತದೆ, ಇದಕ್ಕೆ ಬರ್ ಎನ್ನುತ್ತಾರೆ. ಹೆಬ್ಬೆರಳನ್ನು ಅಲಗಿನ ಬೆನ್ನಿನಿಂದ ಅಂಚಿನ ಆಚೆಗೆ ಸರಿಸಿದರೆ ಗರಗರ ಎಂದು ತಾಗುತ್ತದೆ. ಅಂಚಿನ ಉದ್ದಕ್ಕೂ ಬೆರಳು ಎಳೆಯಬೇಡಿ, ಕುಯ್ಯುತ್ತದೆ. ಈ ಏಣು ಹಿಡಿಯಿಂದ ತುದಿಯವರೆಗೂ ಸಿಕ್ಕರೆ ಆ ಬದಿಯ ಹದ ಬಂತು, ಆಗ ಮಾತ್ರ ಮಗುಚಿ. ಎರಡೂ ಬದಿ ಆದ ಮೇಲೆ ನಯವಾದ ಬದಿಯಲ್ಲಿ ಹಗುರವಾಗಿ, ಒಂದೊಂದು ಬದಿಗೆ ಒಂದೊಂದು ಸಲದಂತೆ ಉಜ್ಜಿ ಏಣನ್ನು ತೆಗೆಯಿರಿ. ಗಾಳಿಯಲ್ಲಿ ಹಿಡಿದ ಕಾಗದವನ್ನು ಎಳೆಯದೆ ಸೀಳಿದರೆ ಸಾಕು. ಗರಗಸದ ಹಲ್ಲಿರುವ ಚಾಕುವನ್ನು ಈ ಕಲ್ಲಿಗೆ ತರಬೇಡಿ.

ಹರಿತ ಮಾಡಿದ ಸುದ್ದಿಯನ್ನು ಮನೆಯವರಿಗೆಲ್ಲ ಹೇಳಿ. ಮೊಂಡು ಚಾಕುವಿಗೆ ಒಗ್ಗಿದ ಕೈ ಮೊದಲಿನ ಬಲವನ್ನೇ ಹಾಕುತ್ತದೆ.

7. ಪಾಠ ತಿರುವುಮುರುವಾದಾಗ: ಫೋನ್

ಕಿರಿಯರು ಹಿರಿಯರಿಗೆ ಫೋನ್ ಕಲಿಸುವಾಗ ಅದೇ "ಕೊಡಿಲ್ಲಿ" ಬೇರೆ ಬಾಯಿಂದ ಬರುತ್ತದೆ. ನಿಯಮವೂ ಅದೇ: ಫೋನ್ ಅವರ ಕೈಯಿಂದ ಕದಲಬಾರದು. ಮೊದಲು ಅಕ್ಷರದ ಗಾತ್ರ ದೊಡ್ಡದು ಮಾಡಿಸಿ, ಅದೂ ಅವರ ಬೆರಳಿನಿಂದಲೇ. ಒಂದು ಸಲಕ್ಕೆ ಒಂದೇ ಕೆಲಸ. ಹೆಜ್ಜೆಗಳನ್ನು ಅವರೇ ತಮ್ಮ ಮಾತಿನಲ್ಲಿ ಕಾಗದದ ಮೇಲೆ ಬರೆದುಕೊಳ್ಳಲಿ. "ಹಸಿರು ಬಿಲ್ಲೆ ಒತ್ತು" ಎಂದು ಬರೆದರೆ ತಿದ್ದಬೇಡಿ. ಮಾರನೆಯ ದಿನ, ಆಮೇಲೆ ಒಂದು ವಾರ ಬಿಟ್ಟು, ಕಾಗದ ನೋಡಿ ಮತ್ತೆ ಮಾಡಿಸಿ.

ಹಣದ ವಿಷಯ ಕಲಿಸುವ ಮುನ್ನ ಒಂದು ಮಾತು ಪಕ್ಕಾ ಆಗಲಿ: ಒಟಿಪಿ (ಒಮ್ಮೆ ಮಾತ್ರ ಬಳಸುವ ಗುಪ್ತಸಂಖ್ಯೆ) ಮತ್ತು ಪಿನ್ ಯಾರಿಗೂ ಓದಿ ಹೇಳುವಂತಿಲ್ಲ, ಬ್ಯಾಂಕಿನವರೆಂದು ಫೋನ್ ಮಾಡಿದವರಿಗೂ. ಅವಸರ ಮಾಡುವ ಕರೆಯನ್ನು ಕತ್ತರಿಸಿ ಮನೆಯವರಿಗೆ ಫೋನ್ ಮಾಡುವುದನ್ನು ಒಂದೆರಡು ಸಲ ನಾಟಕವಾಡಿ ಅಭ್ಯಾಸ ಮಾಡಿಸಿ.

8. ಯಾವುದಕ್ಕೆ ಕೈ ಹಾಕಬಾರದು

ಸ್ವಿಚ್‌ಬೋರ್ಡಿನ ಒಳಗಿನ ಕೆಲಸ, ಅನಿಲದ ಪೈಪ್ ಮತ್ತು ಒಲೆಯ ಒಳಭಾಗ, ಗೀಸರ್, ಮೈಕ್ರೋವೇವ್ (ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು), ಎತ್ತರದ ಏಣಿಯ ಕೆಲಸ: ಇವು ಬಲ್ಲ ವೃತ್ತಿಯವರಿಗೆ ಬಿಟ್ಟದ್ದು.

ಆದರೆ ಅವರು ಬಂದಾಗ ಒಳಗೆ ಹೋಗಿ ಕೂರಬೇಡಿ. ಅಡ್ಡವಾಗದಂತೆ ಪಕ್ಕದಲ್ಲಿ ನಿಲ್ಲಿ, ಮಕ್ಕಳನ್ನೂ ದೂರದಿಂದ ನೋಡಲು ಬಿಡಿ. ಮೊದಲು ಏನನ್ನು ಬಂದ್ ಮಾಡಿದರು, ಯಾವ ಭಾಗ ಹೋಗಿತ್ತು, ಯಾಕೆ ಹೋಯಿತು ಎಂದು ಕೇಳಿ. ಕೇಳಿದರೆ ಹೆಚ್ಚಿನವರು ಖುಷಿಯಿಂದಲೇ ಹೇಳುತ್ತಾರೆ. ತೆಗೆದ ಹಳೆಯ ಭಾಗವನ್ನು ಇಸಿದುಕೊಂಡು, ಮೇಲೆ ದಿನಾಂಕ ಬರೆದು, ಪೆಟ್ಟಿಗೆಯಲ್ಲಿ ಹಾಕಿಡಿ.